‘ನಿಮ್ಮ ಕಲೆಯ ಹಿಂದಿನ ಚಿಂತನೆ ಏನು?’ ಅಂತ ಕೇಳಿದರೆ ಏನು ಬರೆಯಬೇಕು?

ಪ್ರಶ್ನೆ: ಕೆಲಸ ಮುಗಿಸಿ ಬಂದು ಸಂಜೆ ಹೊತ್ತು, ರಜಾ ದಿನಗಳಲ್ಲಿ ಜಲವರ್ಣದಲ್ಲಿ ಚಿತ್ರ ಬರೆಯುತ್ತೇನೆ. ಒಂದು ಗುಂಪು ಪ್ರದರ್ಶನಕ್ಕೆ ಅರ್ಜಿ ಹಾಕಿದಾಗ ‘ನಿಮ್ಮ ಕಲೆಯ ಹಿಂದಿನ ಚಿಂತನೆ ಬರೆದು ಕೊಡಿ’ ಅಂದರು. ನನಗೆ ಒಂದು ಸಾಲೂ ಹೊಳೆಯಲಿಲ್ಲ. ಮನೆ ಹಿಂದಿನ ಹಲಸಿನ ಮರವನ್ನೇ ಮತ್ತೆ ಮತ್ತೆ ಬರೆಯುತ್ತಿದ್ದೇನೆ, ಅಷ್ಟೆ. ದೊಡ್ಡ ಕಲಾವಿದರು ಮೊದಲು ಯೋಚನೆ ಮಾಡಿ ಆಮೇಲೆ ಚಿತ್ರಕ್ಕೆ ಕೈ ಹಾಕುತ್ತಾರಾ? ಚಿತ್ರ ಮುಗಿಯಿತು ಅಂತ ಅವರಿಗೆ ಹೇಗೆ ಗೊತ್ತಾಗುತ್ತದೆ?

ಉತ್ತರ: ಮೊದಲೇ ಎಲ್ಲ ಯೋಚನೆ ಮಾಡಿಟ್ಟುಕೊಂಡು ಆಮೇಲೆ ಕುಂಚ ಹಿಡಿದವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ನಿಮ್ಮ ಹಲಸಿನ ಮರದ ವಿಷಯ ಓದಿದ ಕೂಡಲೇ ನನಗೆ ನೆನಪಾದದ್ದು ಫ್ರೆಂಚ್ ಚಿತ್ರಕಾರ ಪಾಲ್ ಸೆಜಾನ್. ನಿಮ್ಮ ಎರಡೂ ಪ್ರಶ್ನೆಗಳ ಜೊತೆ ಬದುಕಿಡೀ ಗುದ್ದಾಡಿದವನು ಅವನು. ಹಾಗಾಗಿ ಈ ಉತ್ತರ ಬಹುಪಾಲು ಅವನ ಸುತ್ತಲೇ ಇರುತ್ತದೆ. ಸ್ವಲ್ಪ ಉದ್ದ ಆಗುತ್ತದೆ, ಸಮಾಧಾನವಾಗಿ ಓದಿ.

ಸೆಜಾನ್ ಹುಟ್ಟಿದ್ದು 1839ರಲ್ಲಿ, ದಕ್ಷಿಣ ಫ್ರಾನ್ಸಿನ ಏಕ್ಸ್ ಅನ್ನುವ ಊರಲ್ಲಿ. ಅಪ್ಪ ಮೊದಲು ಟೋಪಿ ವ್ಯಾಪಾರಿ, ಆಮೇಲೆ ಬ್ಯಾಂಕ್ ಮಾಲೀಕ. ಮಗ ಕಾನೂನು ಓದಲಿ ಅಂತ ಅವರ ಆಸೆ. ಸ್ವಲ್ಪ ಕಾಲ ಓದಿದ್ದೂ ಆಯಿತು, 1861ರಲ್ಲಿ ಪ್ಯಾರಿಸ್ ದಾರಿ ಹಿಡಿದದ್ದೂ ಆಯಿತು. ಅವನ ಮೊದಲ ದಶಕದ ಚಿತ್ರಗಳನ್ನು ನೋಡಿದ್ದೀರಾ? ಕಪ್ಪು ಕಪ್ಪು, ಬಣ್ಣ ದಪ್ಪ, ಕೆಲವಂತೂ ಪೂರ್ತಿ ಚಾಕುವಿನಲ್ಲೇ ಬಳಿದಂಥವು. ವಿಷಯಗಳೂ ಜೋರು: ಕೊಲೆ, ಅಪಹರಣ, ಕನಸಿನಂಥ ದೃಶ್ಯಗಳು. ಅಂದರೆ ಹೇಳುವುದಕ್ಕೆ ದೊಡ್ಡ ದೊಡ್ಡ ವಿಷಯ ಇದ್ದ ಕಾಲ ಅದು. ಪ್ರದರ್ಶನದವರು ಆಗ ಕೇಳಿದ್ದರೆ ಎರಡು ಪುಟ ಬರೆದುಕೊಡುತ್ತಿದ್ದನೇನೋ! ಆದರೆ ನಾವು ಇವತ್ತು ಸೆಜಾನ್ ಅಂತ ಪ್ರೀತಿಯಿಂದ ಹೇಳುವ ಚಿತ್ರಕಾರ ಇನ್ನೂ ಅವನೊಳಗಿಂದ ಹೊರಗೆ ಬಂದಿರಲಿಲ್ಲ.

ಹೊರಗೆ ಕರೆದುಕೊಂಡು ಬಂದದ್ದು ಕಮಿಲ್ ಪಿಸಾರೊ ಅನ್ನುವ ಹಿರಿಯ ಚಿತ್ರಕಾರ. ಅಕ್ಷರಶಃ ಹೊರಗೆ, ಬಯಲಿಗೆ. 1872ರ ಹೊತ್ತಿಗೆ ಸೆಜಾನ್ ಪ್ಯಾರಿಸ್ ಹತ್ತಿರದ ಪೊಂತ್ವಾಜ್‌ಗೆ, ಆಮೇಲೆ ಓವೇರ್ ಹಳ್ಳಿಗೆ ಹೋಗಿ ಉಳಿದ. ಪಿಸಾರೊ ಜೊತೆ ಹೊಲ, ರಸ್ತೆ, ಮನೆ ಸಾಲು ನೋಡಿಕೊಂಡು ಬರೆಯುತ್ತಿದ್ದ. ಪಿಸಾರೊ ಬರೆದ ಲೂವ್‌ಸಿಯೆನ್ ಊರಿನ ಒಂದು ದೃಶ್ಯವನ್ನು ಕೂತು ನಕಲು ಕೂಡ ಮಾಡಿದ. ಮೂವತ್ತು ದಾಟಿದ ಮನುಷ್ಯ, ಇನ್ನೊಬ್ಬನ ಚಿತ್ರ ಎದುರಿಟ್ಟುಕೊಂಡು ಮೊದಲಿಂದ ಕಲಿಯಲು ಕೂತ. ಕಪ್ಪು ಕಡಿಮೆ ಆಯಿತು, ಬೆಳಕು ಬಂತು. ಇನ್ನೊಂದು ಏಳೆಂಟು ವರ್ಷದಲ್ಲಿ ಅವನದೇ ಒಂದು ರೀತಿ ಬಂತು. ಸಣ್ಣ ಸಣ್ಣ ಕುಂಚದ ಗೆರೆಗಳು, ಪಕ್ಕಪಕ್ಕದಲ್ಲಿ, ಒಂದೇ ಕಡೆ ಓರೆಯಾಗಿ, ಗೋಡೆ ಕಟ್ಟುವ ಹಾಗೆ. ಕೊಲೆ, ಅಪಹರಣ ಬಹುಪಾಲು ಹೋದವು. ಸೇಬು, ಹೂಜಿ, ಮೇಜಿನ ಬಟ್ಟೆ, ಊರಿನ ಬೆಟ್ಟ, ಹೆಂಡತಿಯ ಮುಖ ಬಂದವು. ವಿಷಯ ಚಿಕ್ಕದಾಗುತ್ತಾ ಹೋದ ಹಾಗೆ ಚಿತ್ರ ದೊಡ್ಡದಾಯಿತು ಅಂತ ನನ್ನ ಅಭಿಪ್ರಾಯ.

ಈಗ ಅವನು ಕೆಲಸ ಮಾಡುತ್ತಿದ್ದ ಬಗೆ ನೋಡೋಣ. ಹತ್ತಿರದಿಂದ ನೋಡಿದವರು ಬರೆದಿಟ್ಟಿದ್ದಾರೆ, ಅದು ನಮ್ಮ ಪುಣ್ಯ. ಲೂಯಿ ಲ ಬಾಯ್ ಅನ್ನುವ ಕಿರಿಯ ಚಿತ್ರಕಾರ 1898ರ ಸುಮಾರಿಗೆ ಸೆಜಾನ್ ಹಣ್ಣು ಜೋಡಿಸುವುದನ್ನು ನೋಡಿದ್ದ. ಮೊದಲು ಮೇಜಿನ ಮೇಲೆ ಬಟ್ಟೆ, ಇಸ್ತ್ರಿ ಮಾಡಿದ ಹಾಗೆ ಚಪ್ಪಟೆಯಾಗಿ ಅಲ್ಲ, ಸ್ವಲ್ಪ ಮಡಿಕೆ ಬರುವ ಹಾಗೆ. ಆಮೇಲೆ ಹಣ್ಣು. ಹಸಿರಿನ ಪಕ್ಕ ಕೆಂಪು, ನೀಲಿಯ ಪಕ್ಕ ಹಳದಿ, ಒಂದು ಬಣ್ಣ ಇನ್ನೊಂದನ್ನು ಕೆಣಕಬೇಕು. ಹಣ್ಣನ್ನು ವಾಲಿಸುತ್ತಿದ್ದ, ತಿರುಗಿಸುತ್ತಿದ್ದ, ಬೇಕಾದ ಕೋನದಲ್ಲಿ ನಿಲ್ಲದಿದ್ದರೆ ಅಡಿಗೆ ಒಂದೆರಡು ಚಿಲ್ಲರೆ ನಾಣ್ಯ ಇಟ್ಟು ನಿಲ್ಲಿಸುತ್ತಿದ್ದ. ತುಂಬ ಹೊತ್ತು, ತುಂಬ ಜತನದಿಂದ.

ಆ ನಾಣ್ಯಗಳನ್ನು ಸುಮ್ನೆ ಒಂದು ಸಲ ಕಣ್ಣ ಮುಂದೆ ತಂದುಕೊಳ್ಳಿ. ಇನ್ನೂ ಬಣ್ಣ ಕಲಸಿಲ್ಲ, ಕ್ಯಾನ್ವಾಸ್ ಮುಟ್ಟಿಲ್ಲ. ಆದರೆ ಚಿತ್ರದ ಅರ್ಧ ಯೋಚನೆ ಅಲ್ಲೇ ಆಗಿಹೋಗಿದೆ, ಅದೂ ಬೆರಳ ತುದಿಯಲ್ಲಿ. ಇದನ್ನು ‘ಚಿಂತನೆ’ ಅನ್ನದೆ ಇನ್ನೇನು ಅನ್ನಬೇಕು? ಪ್ರದರ್ಶನದವರು ಕೇಳಿದ್ದು ಇದನ್ನೇ ಅಂತ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ.

ಆಮೇಲೆ ಬರೆಯುವ ಕೆಲಸ. ಅದು ಎಷ್ಟು ನಿಧಾನ ಅಂದರೆ ಹಣ್ಣು ಕೊಳೆಯುತ್ತಿದ್ದವು, ಹೂವು ಬಾಡುತ್ತಿದ್ದವು. ಅದಕ್ಕೇ ಕಾಗದದ ಹೂವು ಇಟ್ಟುಕೊಂಡು ಬರೆದದ್ದೂ ಉಂಟು. 1904ರಲ್ಲಿ ಎಮಿಲ್ ಬರ್ನಾರ್ ಅನ್ನುವ ಚಿತ್ರಕಾರ ಏಕ್ಸ್‌ಗೆ ಬಂದು ಸುಮಾರು ಒಂದು ತಿಂಗಳು ಇದ್ದ. ಆಗ ಸೆಜಾನ್ ಒಂದು ರತ್ನಗಂಬಳಿಯ ಮೇಲೆ ಮೂರು ತಲೆಬುರುಡೆ ಇಟ್ಟು ಚಿತ್ರ ಬರೆಯುತ್ತಿದ್ದ. ಬರ್ನಾರ್ ನೋಡಿದಷ್ಟು ದಿನವೂ ಆ ಚಿತ್ರದ ಬಣ್ಣ, ಆಕಾರ ಹೆಚ್ಚುಕಡಿಮೆ ದಿನಾ ಬದಲಾಗುತ್ತಿತ್ತು. ಹೊರಗಿನವರು ಮೊದಲ ದಿನವೇ ನೋಡಿದ್ದರೆ ‘ಮುಗಿದಿದೆಯಲ್ಲ’ ಅನ್ನಬಹುದಿತ್ತು.

ಯಾಕೆ ಇಷ್ಟು ನಿಧಾನ? ಕೈ ಓಡುತ್ತಿರಲಿಲ್ಲ ಅಂತಲ್ಲ. ಒಂದು ಜಾಗದಲ್ಲಿ ಒಂದು ಬಣ್ಣ ಇಟ್ಟ ಕೂಡಲೇ ಪಕ್ಕದ ಬಣ್ಣ ಬೇರೆ ಥರ ಕಾಣುತ್ತದೆ, ಅದು ಬೇರೆ ಥರ ಕಂಡ ಮೇಲೆ ಅದರಾಚೆಯದ್ದೂ ಬದಲಾಗುತ್ತದೆ. ತಂಬೂರಿ ಶ್ರುತಿ ಮಾಡುವಾಗ ಒಂದು ತಂತಿ ಸರಿಹೋಯಿತು ಅಂದುಕೊಂಡು ಮುಂದೆ ಹೋದರೆ ಹಿಂದಿನದಕ್ಕೆ ಮತ್ತೆ ಕೈ ಹಾಕಬೇಕಾಗುತ್ತದಲ್ಲ, ಹಾಗೆ. ಸೆಜಾನ್‌ಗೆ ಇಡೀ ಕ್ಯಾನ್ವಾಸ್ ಒಟ್ಟಿಗೆ ಮುಂದಕ್ಕೆ ಹೋಗಬೇಕಿತ್ತು. ಒಂದು ಮೂಲೆ ಮುಗಿಸಿ ಇನ್ನೊಂದು ಮೂಲೆಗೆ ಹೋಗುವ ಪದ್ಧತಿ ಅವನದಲ್ಲ.

ಇದು ಗಟ್ಟಿಯಾಗಿ ಅರ್ಥವಾಗುವುದು ವೊಲಾರ್ ಭಾವಚಿತ್ರದ ಕಥೆಯಲ್ಲಿ. ಆಂಬ್ರುವಾಜ್ ವೊಲಾರ್ ಪ್ಯಾರಿಸ್ಸಿನ ಚಿತ್ರ ವ್ಯಾಪಾರಿ. 1895ರಲ್ಲಿ ಸೆಜಾನ್‌ನ ಮೊದಲ ಏಕವ್ಯಕ್ತಿ ಪ್ರದರ್ಶನ ಮಾಡಿದವನು. ಆಗ ಸೆಜಾನ್‌ಗೆ 56 ವರ್ಷ, ಗಮನಿಸಿ! 1899ರಲ್ಲಿ ಸೆಜಾನ್ ಇವನ ಭಾವಚಿತ್ರಕ್ಕೆ ಕೈ ಹಾಕಿದ. ವೊಲಾರ್ ತಾನೇ ಬರೆದಿರುವ ಪ್ರಕಾರ 115 ಸಲ ಕೂತಿದ್ದ. ಒಂದು ಪೆಟ್ಟಿಗೆಯ ಮೇಲೆ ಕುರ್ಚಿ, ಅದರ ಮೇಲೆ ಇವನು. ಒಂದು ದಿನ ತೂಕಡಿಸಿ ಕೆಳಗೆ ಬಿದ್ದಾಗ ಸೆಜಾನ್ ಬೈದ, ಸೇಬು ಅಲುಗಾಡುತ್ತದಾ ಅಂತ. ಇಷ್ಟೆಲ್ಲ ಆದ ಮೇಲೂ ಚಿತ್ರ ಅರ್ಧಕ್ಕೇ ನಿಂತಿತು. ಅಂಗಿಯ ಎದೆಭಾಗ ಪರವಾಗಿಲ್ಲ ಅಂದನಂತೆ ಸೆಜಾನ್, ಅಷ್ಟೆ.

ಕೈಯ ಹತ್ತಿರ ಎರಡು ಕಡೆ ಸಣ್ಣದಾಗಿ ಕ್ಯಾನ್ವಾಸ್ ಹಾಗೇ ಖಾಲಿ ಉಳಿದಿತ್ತು. ವೊಲಾರ್ ಅದನ್ನು ತೋರಿಸಿದ. ಸೆಜಾನ್ ಕೊಟ್ಟ ಉತ್ತರದ ಸಾರ ಇದು: ಅಲ್ಲಿಗೆ ಸರಿಯಾದ ಬಣ್ಣ ಸಿಕ್ಕರೆ ಇಡುತ್ತೇನೆ, ಸುಮ್ಮನೆ ಏನೋ ಒಂದು ಇಟ್ಟುಬಿಟ್ಟರೆ ಅಲ್ಲಿಂದ ಶುರುಮಾಡಿ ಇಡೀ ಚಿತ್ರವನ್ನೇ ಮತ್ತೆ ಬರೆಯಬೇಕಾಗುತ್ತದೆ. ಕಡಲೆಕಾಳಿನಷ್ಟು ಜಾಗ, ಆದರೆ ಗೊತ್ತಿಲ್ಲದ್ದನ್ನು ಅಲ್ಲಿ ತುಂಬಿಸಲು ಅವನು ತಯಾರಿಲ್ಲ. ಆ ಚಿತ್ರ ಈಗ ಪ್ಯಾರಿಸ್ಸಿನ ಪೆತಿ ಪಲೇ ಮ್ಯೂಸಿಯಂನಲ್ಲಿದೆ.

ಚಿತ್ರ ಮುಗಿಯಿತು ಅಂತ ಹೇಗೆ ಗೊತ್ತಾಗುತ್ತದೆ ಅಂತ ಕೇಳಿದಿರಲ್ಲ. ಸೆಜಾನ್ ವಿಷಯದಲ್ಲಿ ನನ್ನ ಉತ್ತರ ಹೀಗೆ: ಅವನ ಎಷ್ಟೋ ಚಿತ್ರಗಳು ನಾವು ಅಂದುಕೊಳ್ಳುವ ಅರ್ಥದಲ್ಲಿ ಮುಗಿಯಲೇ ಇಲ್ಲ. ಸಹಿ ಹಾಕಿದ್ದೂ ಕಡಿಮೆ. 1874ರಲ್ಲೇ ಅಮ್ಮನಿಗೆ ಬರೆದ ಕಾಗದದಲ್ಲಿ, ನುಣುಪಾಗಿ ಮುಗಿಸುವ ಕೆಲಸವನ್ನು ಮೆಚ್ಚುವವರು ದಡ್ಡರು, ಇನ್ನೂ ನಿಜವಾಗಿ, ಇನ್ನೂ ತಿಳಿದು ಬರೆಯುವ ಸುಖಕ್ಕಾಗಿ ಮಾತ್ರ ತಾನು ಚಿತ್ರವನ್ನು ಪೂರ್ತಿ ಮಾಡಬೇಕು ಅನ್ನುವ ಅರ್ಥದ ಮಾತು ಬರೆದಿದ್ದಾನೆ. ಮಾತು ಸ್ವಲ್ಪ ಒರಟು. ಆದರೆ ನಮ್ಮಲ್ಲಿ ಎಷ್ಟು ಜನ ಒಳ್ಳೆಯ ಜಲವರ್ಣವನ್ನು ಕೊನೆಯ ಅರ್ಧ ಗಂಟೆಯಲ್ಲಿ ‘ಇನ್ನೂ ಸ್ವಲ್ಪ ನೀಟ್ ಮಾಡೋಣ’ ಅಂತ ಹೋಗಿ ಕೆಡಿಸಿಕೊಳ್ಳುತ್ತಾರೆ ಅಂತ ನೋಡಿದರೆ, ಆ ಒರಟುತನ ಬೇಕು ಅನಿಸುತ್ತದೆ. ಇಟ್ಟಷ್ಟು ಬಣ್ಣ ಒಂದಕ್ಕೊಂದು ಹೊಂದಿಕೊಂಡು ನಿಂತಿದೆಯಾ? ಇನ್ನೊಂದು ಬಣ್ಣ ಇಡುವುದಕ್ಕೆ ನಿಮಗೆ ಕಾರಣ ಕಾಣಿಸುತ್ತಿಲ್ಲವಾ? ಕೈ ತೆಗೆಯಿರಿ. ಬಿಳಿ ಉಳಿದರೆ ಉಳಿಯಲಿ.

ಒಂದು ಚಿತ್ರ ಹತ್ತಿರದಿಂದ ನೋಡೋಣ. ಶಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ‘ಸೇಬಿನ ಬುಟ್ಟಿ’ ಅಂತ ಒಂದು ಚಿತ್ರ ಇದೆ, 1893ರ ಸುಮಾರಿನದು. ಅವರ ವೆಬ್‌ಸೈಟಿನಲ್ಲಿ ದೊಡ್ಡದು ಮಾಡಿ ನೋಡಬಹುದು. ಎಡಕ್ಕೆ ಬುಟ್ಟಿ, ಮುಂದಕ್ಕೆ ವಾಲಿದೆ, ಸೇಬು ಈಗ ಉರುಳುತ್ತವೆ ಅನ್ನುವ ಹಾಗೆ. ನಡುವೆ ಒಂದು ಬಾಟಲಿ. ಬಲಕ್ಕೆ ತಟ್ಟೆಯಲ್ಲಿ ಉದ್ದ ಬಿಸ್ಕತ್ತು ಅಡ್ಡಡ್ಡ ಪೇರಿಸಿಟ್ಟಿದೆ. ಈಗ ಮೇಜಿನ ಮುಂದಿನ ಅಂಚನ್ನು ಎಡದಿಂದ ಬಲಕ್ಕೆ ಕಣ್ಣಲ್ಲೇ ಎಳೆಯಿರಿ. ಬಟ್ಟೆಯ ಈ ಕಡೆ ಇರುವ ಅಂಚು ಆ ಕಡೆ ಇರುವ ಅಂಚಿಗೆ ಸೇರುವುದೇ ಇಲ್ಲ! ಬಾಟಲಿ ನೆಟ್ಟಗಿಲ್ಲ, ಎಡಕ್ಕೆ ವಾಲಿದೆ. ಬಿಸ್ಕತ್ತಿನ ಪೇರಿಕೆಯಲ್ಲಿ ಕೆಳಗಿನವು ಬದಿಯಿಂದ ಕಾಣುತ್ತವೆ, ಮೇಲಿನವು ಸ್ವಲ್ಪ ಎತ್ತರದಿಂದ ನೋಡಿದ ಹಾಗೆ.

ಡ್ರಾಯಿಂಗ್ ಪರೀಕ್ಷೆಯಲ್ಲಿ ಹೀಗೆ ಬರೆದರೆ ಅಂಕ ಹೋಗುತ್ತದೆ. ಆದರೆ ಚಿತ್ರದಲ್ಲಿ ಪ್ರತಿಯೊಂದೂ ಇನ್ನೊಂದನ್ನು ಹಿಡಿದು ನಿಲ್ಲಿಸಿದೆ. ಬಾಟಲಿಯನ್ನು ಬೆರಳಿನಿಂದ ಮುಚ್ಚಿ ನೋಡಿ, ಬುಟ್ಟಿ ಬಿದ್ದೇಹೋಗುತ್ತದೆ ಅನಿಸುತ್ತದೆ. ಒಂದೇ ಕಡೆ ತಲೆ ಇಟ್ಟು ಕ್ಯಾಮೆರಾ ಥರ ನಾವು ಯಾರೂ ನೋಡುವುದಿಲ್ಲ. ತಲೆ ಆಡಿಸುತ್ತೇವೆ, ಬಗ್ಗುತ್ತೇವೆ, ಬುಟ್ಟಿ ನೋಡುವಾಗ ಒಂದು ಕಡೆ, ತಟ್ಟೆ ನೋಡುವಾಗ ಇನ್ನೊಂದು ಕಡೆ ಇರುತ್ತೇವೆ. ಸೆಜಾನ್ ಈ ಸಣ್ಣ ಸಣ್ಣ ಬದಲಾವಣೆಗಳನ್ನು ಅಳಿಸಿ ಸರಿಮಾಡದೆ ಚಿತ್ರದಲ್ಲಿ ಉಳಿಸಿಕೊಂಡ ಅಂತ ನಾನು ಓದಿಕೊಳ್ಳುತ್ತೇನೆ. ಪಿಕಾಸೊ, ಬ್ರಾಕ್ ಇಂಥ ಮುಂದಿನ ತಲೆಮಾರಿನ ಚಿತ್ರಕಾರರು ಇದನ್ನೇ ಹಿಡಿದುಕೊಂಡು ಎಲ್ಲಿಗೋ ಹೋದರು. ಅದು ಬೇರೆ ಕಥೆ.

1897ರಲ್ಲಿ ಜೊಆಶಿಮ್ ಗಾಸ್ಕೆ ಅನ್ನುವ ಕವಿಗೆ ಬರೆದ ಕಾಗದದಲ್ಲಿ ಸೆಜಾನ್, ಕಲೆ ಅಂದರೆ ಪ್ರಕೃತಿಗೆ ಸಮಾನಾಂತರವಾದ ಒಂದು ಸಾಮರಸ್ಯ ಅಂತ ಹೇಳಿದ್ದಾನೆ. ಅವನ ಫಿಲಾಸಫಿಯನ್ನು ಒಂದೇ ಸಾಲಲ್ಲಿ ಬೇಕು ಅಂದರೆ ಇದೇ ಸಾಕು. ಸಮಾನಾಂತರ, ಅಂದರೆ ಪಕ್ಕದಲ್ಲಿ ನಡೆಯುವುದು. ಬೆಟ್ಟದ ನಕಲು ಬೇಡ, ಬೆಟ್ಟವನ್ನು ಬಿಟ್ಟು ಓಡುವುದೂ ಬೇಡ. ಬೆಟ್ಟಕ್ಕೆ ಅದರದೇ ಒಂದು ಹೊಂದಾಣಿಕೆ ಇದೆ, ಕ್ಯಾನ್ವಾಸಿಗೂ ಅದರದೇ ಒಂದು ಬೇಕು, ಎರಡೂ ಜೊತೆಗೆ ಸಾಗಬೇಕು. ಆದರೆ ಗಮನಿಸಿ, ಈ ಮಾತು ಬರೆಯುವಾಗ ಅವನಿಗೆ 58 ವರ್ಷ. ಪ್ರಕೃತಿಯನ್ನು ಉರುಳೆ, ಗೋಳ, ಶಂಕುಗಳ ಮೂಲಕ ನೋಡು ಅಂತ ಬರ್ನಾರ್‌ಗೆ ಹೇಳಿದ್ದು 1904ರಲ್ಲಿ, 65ರ ವಯಸ್ಸಿನಲ್ಲಿ. ನಾವು ಪುಸ್ತಕದಲ್ಲಿ ಈ ಸಾಲುಗಳನ್ನು ಮೊದಲು ಓದುತ್ತೇವೆ, ಚಿತ್ರ ಆಮೇಲೆ ನೋಡುತ್ತೇವೆ. ಹಾಗಾಗಿ ಅವನೂ ಇದನ್ನೆಲ್ಲ ಮೊದಲು ಯೋಚಿಸಿಟ್ಟಿದ್ದ ಅನ್ನುವ ಭ್ರಮೆ ಹುಟ್ಟುತ್ತದೆ. ನಡೆದದ್ದು ತದ್ವಿರುದ್ಧ. ನಲವತ್ತು ವರ್ಷ ಬಣ್ಣ ಇಟ್ಟ ಮೇಲೆ, ಕಿರಿಯರು ಬಂದು ಕೇಳಿದಾಗ, ತನ್ನ ಕೈ ಏನು ಮಾಡುತ್ತಾ ಬಂದಿದೆ ಅಂತ ತಿರುಗಿ ನೋಡಿ ಹೇಳಿದ ಮಾತುಗಳಿವು.

ಒಂದು ಎಚ್ಚರಿಕೆ. ಇಂಟರ್‌ನೆಟ್‌ನಲ್ಲಿ ಸೆಜಾನ್ ಹೆಸರಲ್ಲಿ ಓಡಾಡುವ ಚಂದ ಚಂದ ಮಾತುಗಳಲ್ಲಿ ಎಷ್ಟೋ ಇದೇ ಗಾಸ್ಕೆ ಬರೆದ ಸಂಭಾಷಣೆಗಳಿಂದ ಬಂದವು. ಆ ಪುಸ್ತಕ ಪ್ರಕಟವಾದದ್ದು 1921ರಲ್ಲಿ, ಸೆಜಾನ್ ತೀರಿಕೊಂಡು ಹದಿನೈದು ವರ್ಷ ಆದ ಮೇಲೆ. ಗಾಸ್ಕೆ ಕವಿ, ಮಾತಿಗೆ ಬಣ್ಣ ಹಚ್ಚಿದ್ದಾನೆ. ಕಾಗದಗಳನ್ನು ಜಾಸ್ತಿ ನಂಬಿ.

ಕಾಗದಗಳಲ್ಲಿ ನನಗೆ ತುಂಬ ಪ್ರೀತಿಯದು 1906ರ ಸೆಪ್ಟೆಂಬರ್ 8ರಂದು ಮಗನಿಗೆ ಬರೆದದ್ದು. ಬಿಸಿಲು ತಡೆಯಲಾರದೆ ಹೊಳೆ ದಂಡೆಯ ನೆರಳಿಗೆ ಹೋಗಿ ಬರೆಯುತ್ತಿದ್ದ ದಿನಗಳು. ತನ್ನ ಇಂದ್ರಿಯಗಳ ಮುಂದೆ ತೆರೆದುಕೊಳ್ಳುವುದರ ತೀವ್ರತೆಯನ್ನು ಚಿತ್ರದಲ್ಲಿ ಮುಟ್ಟಲು ಆಗುತ್ತಿಲ್ಲ ಅಂತ ಸಂಕಟ ಹೇಳಿಕೊಂಡಿದ್ದಾನೆ. ಅದರ ಬೆನ್ನಿಗೇ ಬರುವ ಮಾತು ನೋಡಿ: ಇಲ್ಲಿ ಒಂದೇ ವಸ್ತು ಬೇರೆ ಬೇರೆ ಕೋನದಲ್ಲಿ ಎಷ್ಟೊಂದು ಥರ ಕಾಣುತ್ತದೆ ಅಂದರೆ, ಜಾಗ ಬಿಟ್ಟು ಕದಲದೆ, ಸುಮ್ಮನೆ ಸ್ವಲ್ಪ ಬಲಕ್ಕೆ, ಸ್ವಲ್ಪ ಎಡಕ್ಕೆ ಬಾಗಿಕೊಂಡು ತಿಂಗಳುಗಟ್ಟಲೆ ಕೆಲಸ ಮಾಡಬಹುದು. ಏಕ್ಸ್ ಪಕ್ಕದ ಸೇಂತ್ ವಿಕ್ತುವಾರ್ ಬೆಟ್ಟವನ್ನೇ ಮೂವತ್ತಕ್ಕೂ ಜಾಸ್ತಿ ಸಲ ತೈಲವರ್ಣದಲ್ಲಿ ಬರೆದವನ ಮಾತಿದು, ಜಲವರ್ಣದ್ದು ಬೇರೆ ಲೆಕ್ಕ. ಮುಂದಿನ ತಿಂಗಳು, ಅಕ್ಟೋಬರ್‌ನಲ್ಲಿ, ಹೊರಗೆ ಬರೆಯುತ್ತಿದ್ದಾಗ ಮಳೆಗೆ ಸಿಕ್ಕಿ ಕುಸಿದ. ಯಾರೋ ಬಟ್ಟೆ ಒಗೆಯುವವರ ಗಾಡಿಯಲ್ಲಿ ಮನೆಗೆ ತಂದು ಬಿಟ್ಟರು. ಮಾರನೇ ದಿನ ಎದ್ದು ತೋಟಗಾರ ವಾಲ್ಯೆಯ ಭಾವಚಿತ್ರಕ್ಕೆ ಮತ್ತೆ ಕೈ ಹಾಕಿದ. ಒಂದು ವಾರದೊಳಗೆ ತೀರಿಕೊಂಡ.

ನಿಮ್ಮ ಹಲಸಿನ ಮರಕ್ಕೆ ‘ಅಷ್ಟೆ’ ಅನ್ನುವ ಪದ ಹಚ್ಚಿದಿರಲ್ಲ, ದಯವಿಟ್ಟು ಅದನ್ನು ತೆಗೆದುಹಾಕಿ.

ನಮ್ಮ ಕಡೆಗೂ ಈ ದಾರಿ ಬಂದಿದೆ. ಚಿತ್ರಕಾರ್ತಿ ಅಮೃತಾ ಶೇರ್‌ಗಿಲ್ ಪ್ಯಾರಿಸ್‌ನಲ್ಲಿ ಕಲಿಯುವಾಗ ಸೆಜಾನ್ ಮತ್ತು ಇನ್ನೊಬ್ಬ ಫ್ರೆಂಚ್ ಚಿತ್ರಕಾರ ಗೊಗಾನ್ ಇಬ್ಬರನ್ನೂ ಮನಸ್ಸಿಟ್ಟು ನೋಡಿದವರು. 1934ರಲ್ಲಿ ವಾಪಸ್ ಬಂದರು, ಅಜಂತಾ ನೋಡಿದರು, ದಕ್ಷಿಣ ಸುತ್ತಿದರು, 1937ರಲ್ಲಿ ದಕ್ಷಿಣ ಭಾರತದ ಜನರ ಮೂರು ದೊಡ್ಡ ಚಿತ್ರ ಬರೆದರು. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ನಮ್ಮ ಕೆ.ಕೆ. ಹೆಬ್ಬಾರರ ಮೇಲೆ ಅಮೃತಾ ಪ್ರಭಾವ ದೊಡ್ಡದು. ಹೆಬ್ಬಾರರು ಅಲ್ಲಿಗೇ ನಿಲ್ಲಲಿಲ್ಲ. ಲಯ ಅಂದರೆ ಏನು ಅಂತ ತಿಳಿಯಲು ಕಥಕ್ ಕಲಿತರು, ಆ ಲಯ ಅವರ ಗೆರೆಗೆ ಇಳಿಯಿತು. ಅವರ ರೇಖಾಚಿತ್ರದಲ್ಲಿ ಕುಣಿಯುವ ಒಂದು ಕಾಲು ನೋಡಿದರೆ ಸಾಕು, ನೆಲ ಮುಟ್ಟುವ ಮೊದಲಿನ ಆ ಗಳಿಗೆ ಗೆರೆಯಲ್ಲೇ ಸಿಗುತ್ತದೆ. ಇಲ್ಲೂ ನೋಡಿ, ಚಿಂತನೆ ಬಂದದ್ದು ಮೈಯ ಮೂಲಕ, ಅಭ್ಯಾಸದ ಮೂಲಕ.

ಹಾಗಾದರೆ ಆ ಅರ್ಜಿಗೆ ಏನು ಬರೆಯಬೇಕು? ನಿಮ್ಮ ಹಲಸಿನ ಮರದ ಚಿತ್ರಗಳನ್ನೆಲ್ಲ ನೆಲದ ಮೇಲೆ ಹರಡಿ. ಹಳೆಯದು, ಕೆಟ್ಟದ್ದು, ಅರ್ಧಂಬರ್ಧ ಎಲ್ಲ ಇರಲಿ. ಯಾವುದು ಮತ್ತೆ ಮತ್ತೆ ಬರುತ್ತಿದೆ? ಬುಡಕ್ಕೆ ಅಂಟಿಕೊಂಡ ಕಾಯಿಯೇ ಯಾವಾಗಲೂ ನಡುವೆ ಬರುತ್ತದಾ? ಆಕಾಶ ಬಿಟ್ಟುಬಿಡುತ್ತೀರಾ? ಬೆಳಗಿನದಕ್ಕಿಂತ ಸಂಜೆಯ ಚಿತ್ರ ಜಾಸ್ತಿ ಇವೆಯಾ? ಮೊದಲು ಬರೆಯುತ್ತಿದ್ದ ಏನನ್ನು ಈಗ ಬಿಟ್ಟಿದ್ದೀರಿ? ಕಂಡದ್ದನ್ನು ಕಂಡ ಹಾಗೆ ನಾಲ್ಕು ವಾಕ್ಯದಲ್ಲಿ ಬರೆಯಿರಿ. ‘ನಾನು ಮನೆ ಹಿಂದಿನ ಹಲಸಿನ ಮರವನ್ನು ಬರೆಯುತ್ತೇನೆ. ಕಾಯಿಯ ಭಾರ ಕಾಂಡಕ್ಕೆ ಹೇಗೆ ತಾಗುತ್ತದೆ ಅಂತ ನೋಡುತ್ತಿದ್ದೇನೆ’ ಅಂತ ಒಬ್ಬರು ಬರೆದರೆ, ಆಯ್ಕೆ ಸಮಿತಿಯಲ್ಲಿ ನಾನು ಕೂತಿದ್ದರೆ ಅವರ ಚಿತ್ರ ನೋಡಲು ತವಕಪಡುತ್ತೇನೆ. ಅಸ್ತಿತ್ವ, ಅನನ್ಯತೆ, ಪ್ರಕೃತಿ-ಪುರುಷ ಅಂತ ದೊಡ್ಡ ಪದ ಎರವಲು ತಂದರೆ ಬರಹಕ್ಕೂ ಚಿತ್ರಕ್ಕೂ ಸಂಬಂಧವೇ ಇಲ್ಲದ ಹಾಗೆ ಆಗುತ್ತದೆ. ಅಂಥ ಹೇಳಿಕೆಗಳನ್ನು ಓದಿ ಓದಿ ನಿಜಕ್ಕೂ ಬೇಸರವಾಗಿದೆ.

ಬೇರೆಯವರ ಚಿತ್ರ ನೋಡಬೇಡಿ ಅಂತ ಖಂಡಿತ ಹೇಳುತ್ತಿಲ್ಲ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ ಅನ್ನುವುದು ನಾವು ಓದಲು ಕಲಿಯುವ ಪುಸ್ತಕ, ಆದರೆ ಹಿರಿಯರ ಸೂತ್ರಗಳನ್ನು ಹಿಡಿದುಕೊಂಡು ಅಲ್ಲೇ ನಿಲ್ಲಬಾರದು ಅಂತ ಸೆಜಾನ್ ಬರ್ನಾರ್‌ಗೆ ಬರೆದಿದ್ದ. ಅವನೇ ವರ್ಷಗಟ್ಟಲೆ ಲೂವ್ರ್‌ನಲ್ಲಿ ಶಿಲ್ಪಗಳ ಎದುರು ಕೂತು ಡ್ರಾಯಿಂಗ್ ಮಾಡಿದವನು.

ಕೊನೆಯದಾಗಿ, ನೀವು ಜಲವರ್ಣದವರು ಅಂದ ಕಾರಣಕ್ಕೆ ಒಂದು ಕೆಲಸದ ಮಾತು. ಬರ್ನಾರ್ ಸೆಜಾನ್‌ನ ಜಲವರ್ಣದ ಪದ್ಧತಿಯನ್ನೂ ನೋಡಿ ಬರೆದಿದ್ದಾನೆ. ಶುರು ನೆರಳಿನಿಂದ. ನೆರಳಲ್ಲಿ ಒಂದು ಪಟ್ಟಿ ಬಣ್ಣ. ಅದರ ಮೇಲೆ, ಅದರ ಅಂಚು ದಾಟುವ ಹಾಗೆ ಇನ್ನೊಂದು. ಆಮೇಲೆ ಮೂರನೆಯದು. ತೆಳು ಪರದೆಗಳನ್ನು ಒಂದರ ಮೇಲೊಂದು ಇಳಿಬಿಟ್ಟ ಹಾಗೆ ಆಗಿ, ಬಣ್ಣದಿಂದಲೇ ಆಕಾರ ಉಬ್ಬಿ ಬರುತ್ತದೆ. ತುಂಬ ಬೆಳಕಿರುವ ಕಡೆ ಬರೀ ಕಾಗದ.

ನಿಮ್ಮ ಮರದಲ್ಲಿ ಇದನ್ನು ಮಾಡಿ ನೋಡಿ. ಹಸಿರಿನಿಂದ ಶುರು ಮಾಡಬೇಡಿ. ಕಾಯಿ ಕಾಂಡಕ್ಕೆ ಸೇರುವ ಜಾಗದ ಕೆಳಗಿನ ನೆರಳು ಹುಡುಕಿ, ಅಲ್ಲಿ ತೆಳುವಾದ ನೀಲಿ-ನೇರಳೆ ಇಡಿ. ಪೂರ್ತಿ ಒಣಗಲಿ. ಮಳೆಗಾಲದಲ್ಲಿ ನಮ್ಮ ಕಡೆ ಇದಕ್ಕೆ ತುಂಬ ಹೊತ್ತು ಬೇಕು, ಎರಡು ಮೂರು ಹಾಳೆ ಒಟ್ಟಿಗೆ ಇಟ್ಟುಕೊಂಡರೆ ಕಾಯುವುದು ಕಷ್ಟವಾಗುವುದಿಲ್ಲ. ಎರಡನೇ ಪದರ ಇಡುವಾಗ ಕುಂಚ ಉಜ್ಜಬೇಡಿ, ಒಂದೇ ಸಲ ಇಟ್ಟು ಎತ್ತಿ. ಕೆಳಗಿನ ಪದರಕ್ಕೆ ಅಲ್ಟ್ರಾಮರೀನ್ ನೀಲಿ ಇಟ್ಟಿದ್ದರೆ ಉಜ್ಜಿದ ಕೂಡಲೇ ಎದ್ದು ಬರುತ್ತದೆ, ಥ್ಯಾಲೊ ನೀಲಿ ಆದರೆ ಕಾಗದಕ್ಕೆ ಕಚ್ಚಿಕೊಂಡಿರುತ್ತದೆ. ಕಾಗದ 300 ಜಿಎಸ್‌ಎಂ ಇರಲಿ, ಹತ್ತಿಯದ್ದಾದರೆ ಇನ್ನೂ ಒಳ್ಳೆಯದು, ತೆಳು ಕಾಗದ ಮೂರನೇ ಪದರಕ್ಕೇ ಅಲೆಅಲೆಯಾಗಿ ಏಳುತ್ತದೆ. ಪ್ರತಿ ಪದರ ಆದ ಮೇಲೆ ಹಿಂದಕ್ಕೆ ಸರಿದು ಇಡೀ ಹಾಳೆ ನೋಡಿ, ಮುಂದಿನ ಬಣ್ಣ ಎಲ್ಲಿಗೆ ಬೇಕು ಅಂತ ಅಲ್ಲೇ ಕಾಣಿಸುತ್ತದೆ. ಎಲೆಗಳಿಗೆ ಆಮೇಲೆ ಬನ್ನಿ, ಅದೂ ಎಲೆಗಳ ನಡುವಿನ ಆಕಾಶದ ತುಂಡುಗಳು ಎಲ್ಲೆಲ್ಲಿ ಬಿಳಿಯಾಗಿ ಉಳಿಯಬೇಕು ಅಂತ ಗೊತ್ತಾದ ಮೇಲೆ.